ವಿಮಾನದ ಬ್ರ್ಯಾಂಡು ಟೈಮ್ ಟೇಬಲ್‌ನಲ್ಲಿದೆ

(ಹುಬ್ಬಳ್ಳಿಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಮತ್ತು ವ್ಯಾಪಾರಸ್ಥರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಉಪನ್ಯಾಸಕರು ಹುಬ್ಬಳ್ಳಿಯಲ್ಲಿ ಬಹಳ ವರ್ಷ ಟಿಕೆಟ್ ಏಜೆನ್ಸಿ ನಡೆಸಿದವರು.)

ಭಾರತದ ಮೊದಲ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್. ಹಾರಾಟ ಶುರು ಮಾಡಿದ್ದು 2003ರ ಆಗಸ್ಟ್‌ನಲ್ಲಿ. ಮೊದಲ ಮಾರ್ಗ ಯಾವುದು ಅಂತ ಬೇರೆ ಊರಲ್ಲಿ ಕೇಳಿದರೆ ದೆಹಲಿ–ಮುಂಬೈ ಅಂತಾರೆ. ನೀವು ಹುಬ್ಬಳ್ಳಿಯವರು, ನಿಮಗಾದರೂ ಗೊತ್ತಿರಬೇಕು. ಬೆಂಗಳೂರು–ಹುಬ್ಬಳ್ಳಿ. ಹಿಂದಿನ ಸಾಲಿನಲ್ಲಿ ಯಾರೋ ನಂಬುತ್ತಿಲ್ಲ. ಮನೆಗೆ ಹೋಗಿ ಹುಡುಕಿ ನೋಡಿ.

ಯಾಕೆ ಹುಬ್ಬಳ್ಳಿ? ದೊಡ್ಡ ಕಂಪನಿಗಳೆಲ್ಲ ಆಗ ಮಹಾನಗರಗಳ ಮೇಲೆ ಕಣ್ಣಿಟ್ಟಿದ್ದವು. ನಮ್ಮ ಕಡೆ ಬರುವವರೇ ಇರಲಿಲ್ಲ. ರನ್‌ವೇ ಚಿಕ್ಕದು, ದೊಡ್ಡ ಜೆಟ್ ಇಳಿಯುವ ಹಾಗಿರಲಿಲ್ಲ. ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆ ಗೊರೂರಿನವರು. ಸೈನ್ಯದಿಂದ ಬಂದು ರೇಷ್ಮೆ ಬೆಳೆದವರು, ಆಮೇಲೆ ಹೆಲಿಕಾಪ್ಟರ್ ಕಂಪನಿ ಮಾಡಿದವರು. ಅವರು ತಂದದ್ದು ಎಟಿಆರ್-42. ಎರಡು ಫ್ಯಾನು, 48 ಸೀಟು. ಬಾಗಿಲಲ್ಲೇ ಮೆಟ್ಟಿಲು ಇರುತ್ತೆ, ಹೊರಗಿಂದ ಏಣಿ ತಳ್ಳಿಕೊಂಡು ಬರುವ ಕೆಲಸ ಇಲ್ಲ. ಚಿಕ್ಕ ರನ್‌ವೇ ಸಾಕು. ನಮ್ಮ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆಯಲ್ಲ, ಉದ್ದ ಒಂದನ್ನೇ ನೋಡಿದರೆ ಅದರ ಮೇಲಿಂದಲೂ ಏರಬಹುದು. ರೈಲ್ವೆಯವರು ಬಿಡಲ್ಲ, ಅದು ಬೇರೆ.

ಇವತ್ತಿನ ವಿಷಯ ಬ್ರ್ಯಾಂಡಿಂಗ್. ಬ್ರ್ಯಾಂಡಿಂಗ್ ಅಂದ ಕೂಡಲೇ ನಿಮ್ಮ ಪುಸ್ತಕ ಲೋಗೊ, ಬಣ್ಣ, ಘೋಷವಾಕ್ಯ ಅನ್ನುತ್ತೆ. ಅದಕ್ಕೂ ಬರ್ತೀನಿ. ಆದರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕಡಿಮೆ ದರದ ವಿಮಾನ ಕಂಪನಿಯ ಬ್ರ್ಯಾಂಡು ಅದರ ಟೈಮ್ ಟೇಬಲ್‌ನಲ್ಲಿದೆ. ಜಾಹೀರಾತು ಜನರನ್ನು ಒಂದು ಸಲ ಹತ್ತಿಸುತ್ತೆ. ಎರಡನೇ ಸಲ ಹತ್ತಿಸುವುದು ಹೇಳಿದ ಹೊತ್ತಿಗೆ ಬಂದ ವಿಮಾನ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ವಾಣಿಜ್ಯದವರಿಗೆ ಲೆಕ್ಕದ ಭಯ ಇರಬಾರದು, ಅಲ್ವಾ?

ಉದಾಹರಣೆಗೆ ಅಂತ ಹಿಡಿಯಿರಿ, ಇವು ಯಾವ ಕಂಪನಿಯ ಅಂಕಿಯೂ ಅಲ್ಲ. 48 ಸೀಟಿನ ವಿಮಾನ ಒಂದು ಸಲ ಬೆಂಗಳೂರಿಗೆ ಹೋಗಲು 96,000 ರೂಪಾಯಿ ಖರ್ಚು. ಪೂರ್ತಿ ತುಂಬಿದರೆ ತಲೆಗೆ 2,000. ಮೂವತ್ತೆರಡು ಜನ ಬಂದರೆ 3,000. ಅರ್ಧ ಖಾಲಿ ಹೋದರೆ 4,000. ಪೈಲಟ್ ಸಂಬಳ, ಎಣ್ಣೆ, ವಿಮಾನದ ಬಾಡಿಗೆ ಯಾವುದೂ ಜನ ಕಮ್ಮಿ ಬಂದರು ಅಂತ ಕಮ್ಮಿ ಆಗಲ್ಲ. ಇನ್ನೊಂದು ಕಷ್ಟ ಇದೆ. ಬ್ಯಾಡಗಿ ಮೆಣಸಿನಕಾಯಿ ರೇಟ್ ಬಿದ್ದರೆ ಕೋಲ್ಡ್ ಸ್ಟೋರೇಜ್‌ಗೆ ಹಾಕಿ ಕಾಯಬಹುದು. ಬೆಳಗ್ಗೆ ಖಾಲಿ ಹೋದ ಸೀಟನ್ನು ಮಧ್ಯಾಹ್ನ ಮಾರಕ್ಕಾಗಲ್ಲ.

ಅದಕ್ಕೇ ದರ ಏರಿಳಿಯೋದು. ಮೊದಲು ಬಂದವರಿಗೆ ಅಗ್ಗ, ಕೊನೆಗೆ ಬಂದವರಿಗೆ ತುಟ್ಟಿ. ಇದು ನಮ್ಮ ಜನಕ್ಕೆ ಎಷ್ಟು ಹೊಸದು ಅಂದರೆ, ಮುಂಜಾನೆ ಫೋನ್ ಮಾಡಿ ರೇಟ್ ಕೇಳಿದ ಹತ್ತಿ ವ್ಯಾಪಾರಿಯೊಬ್ಬರು ಸಂಜೆ ಅಂಗಡಿಗೇ ಬಂದು ನಿಂತರು. "ಮುಂಜಾನೆ ಎರಡು ಸಾವಿರ ಅಂದಿದ್ರಿ, ಈಗ ಮೂರೂವರೆ ಅಂತೀರಲ್ರಿ. ಏನ್ರಿ ಇದು, ತಾಸಿಗೊಂದು ರೇಟು?" ನಾನು "ಹೌದ್ರಿ ಯಜಮಾನ್ರ, ತಾಸಿಗೊಂದ ರೇಟು" ಅಂದೆ. ಅವರು ನನ್ನನ್ನು ನೋಡಿದ ರೀತಿ ಇತ್ತಲ್ಲ, ನಾನೇ ಒಂದೂವರೆ ಸಾವಿರ ಜೇಬಿಗಿಳಿಸಿದ ಹಾಗೆ. ಎಪಿಎಂಸಿಯಲ್ಲಿ ಅವರ ಹತ್ತಿಗೂ ತಾಸಿಗೊಂದು ರೇಟೇ. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಹಾಗಾದರೆ ಖರ್ಚು ಇಳಿಸುವುದು ಹೇಗೆ? ಅಮೆರಿಕ, ಯುರೋಪಿನ ಕಂಪನಿಗಳ ಕತೆ ಓದಿ ಬಂದವರು ಇಲ್ಲಿ ಎಡವುತ್ತಾರೆ. ಅಲ್ಲಿ ದೊಡ್ಡ ಊರಿನ ಹೊರಗೆ ಎರಡನೇ ನಿಲ್ದಾಣ ಇರುತ್ತೆ, ಶುಲ್ಕ ಕಮ್ಮಿ. ರಯಾನ್‌ಏರ್ ಬೆಳೆದದ್ದೇ ಹಾಗೆ. ನಮ್ಮಲ್ಲಿ ಹೆಚ್ಚಿನ ಊರಿಗೆ ಒಂದೇ ನಿಲ್ದಾಣ. ಅಗ್ಗದ ಕಂಪನಿಯಾದರೂ ಅಲ್ಲೇ ಇಳಿಯಬೇಕು, ಅದೇ ಎಣ್ಣೆ ಹಾಕಿಸಬೇಕು. ವಿಮಾನದ ಬಾಡಿಗೆ ಡಾಲರ್‌ನಲ್ಲಿ, ಟಿಕೆಟ್ ಮಾರೋದು ರೂಪಾಯಿಯಲ್ಲಿ. ರೂಪಾಯಿ ಬಿದ್ದರೆ ಏನೂ ತಪ್ಪು ಮಾಡದೆ ನಷ್ಟ. ಖರ್ಚಿನ ದೊಡ್ಡ ಪಾಲು ನಿಮ್ಮ ಕೈಯಲ್ಲೇ ಇಲ್ಲ.

ಕೈಯಲ್ಲಿ ಉಳಿಯೋದು ಸಣ್ಣ ಸಣ್ಣವು. ಪುಕ್ಕಟೆ ಊಟ ಬೇಡ, ನೀರು, ಸ್ಯಾಂಡ್‌ವಿಚ್ ಮಾರಿ. ಎ320 ಅನ್ನುವ ದೊಡ್ಡ ಏರ್‌ಬಸ್ ಜೆಟ್‌ನಲ್ಲಿ ಬಿಸಿನೆಸ್ ಕ್ಲಾಸ್ ತೆಗೆದು 180 ಸೀಟು ಹಾಕಿ. ಛಾಪಿಸಿದ ಟಿಕೆಟ್ ಬೇಡ. ಏಜೆಂಟರ ಕಮಿಷನ್ ಕತ್ತರಿಸಿ. ಈ ಕೊನೆಯದನ್ನು ಕೇಳಿದಾಗ ನನಗೆ ಹೇಗಾಗಿರಬೇಕು ಹೇಳಿ! ಆದರೆ ಡೆಕ್ಕನ್‌ನವರು ಒಂದು ಜಾಣ ಕೆಲಸ ಮಾಡಿದರು. ಆಗ ನಮ್ಮ ಕಡೆ ಕ್ರೆಡಿಟ್ ಕಾರ್ಡ್ ಎಷ್ಟು ಜನರ ಹತ್ತಿರ ಇತ್ತು? ಇಂಟರ್ನೆಟ್‌ನಲ್ಲಿ ಮಾತ್ರ ಮಾರ್ತೀನಿ ಅಂದರೆ ಗದಗಿನವರು, ಹಾವೇರಿಯವರು ಎಲ್ಲಿಗೆ ಹೋಗಬೇಕು? ಅವರು ಎಚ್‌ಪಿ ಪೆಟ್ರೋಲ್ ಬಂಕ್‌ಗಳಲ್ಲಿ ಟಿಕೆಟ್ ಮಾರಿಸಿದರು. ಗಾಡಿಗೆ ಎಣ್ಣೆ ಹಾಕಿಸಿ, ರೊಕ್ಕ ಎಣಿಸಿ ಕೊಟ್ಟು, ವಿಮಾನದ ಟಿಕೆಟ್ ತಗೊಂಡು ಬರೋದು. ಹೊಸ ಮಾರುಕಟ್ಟೆಯಲ್ಲಿ ಬ್ರ್ಯಾಂಡು ಕಟ್ಟುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಮ್ಮ ಗಿರಾಕಿ ರೊಕ್ಕ ಕೊಡುವುದು ಹೇಗೆ?

ಸಣ್ಣ ವಿಮಾನಕ್ಕೆ ಸರ್ಕಾರದಿಂದಲೂ ಅನುಕೂಲ ಸಿಕ್ಕಿತು. 80ಕ್ಕಿಂತ ಕಮ್ಮಿ ಸೀಟಿದ್ದರೆ ಇಳಿಯುವ ಶುಲ್ಕ ಮಾಫಿ, ಎಣ್ಣೆಯ ಮಾರಾಟ ತೆರಿಗೆಯಲ್ಲೂ ದೊಡ್ಡ ರಿಯಾಯಿತಿ. ನಮ್ಮಂಥ ಊರುಗಳಿಗೆ ಬರುವ ವಿಮಾನ 50 ಸೀಟು, 70 ಸೀಟು, 76 ಸೀಟು ಅಂತಲೇ ಯಾಕೆ ಇರುತ್ತವೆ ಅಂತ ಈಗ ಗೊತ್ತಾಯ್ತಲ್ಲ.

ಇಷ್ಟೆಲ್ಲ ಉಳಿಸಿದರೂ ಇನ್ನೊಂದು ಉಳಿತಾಯದ ಮುಂದೆ ಇವು ಸಣ್ಣವೇ. ಅದು ನೆಲದ ಮೇಲೆ ನಿಲ್ಲುವ ಹೊತ್ತು. ವಿಮಾನದ ಬಾಡಿಗೆ ತಿಂಗಳಿಗೆ ಇಷ್ಟು ಅಂತ. ಹಾರಿದರೂ ಅಷ್ಟೇ, ನಿಂತರೂ ಅಷ್ಟೇ. ದಿನಕ್ಕೆ ಎಂಟು ಹಾರಾಟ ಮಾಡುವ ವಿಮಾನ ಪ್ರತಿ ಸಲ 50 ನಿಮಿಷ ನಿಲ್ಲುವ ಬದಲು 25 ನಿಮಿಷಕ್ಕೇ ಹೊರಟರೆ ನಡುವಿನ ಏಳು ನಿಲುಗಡೆಯಲ್ಲಿ 175 ನಿಮಿಷ ಉಳಿಯುತ್ತೆ. ಅಂದರೆ ಹೆಚ್ಚುಕಮ್ಮಿ ಎರಡು ಹಾರಾಟ ಜಾಸ್ತಿ. ಬಾಡಿಗೆ ಅಷ್ಟೇ, ದುಡಿಮೆ ಜಾಸ್ತಿ.

ಆ 25 ನಿಮಿಷದಲ್ಲಿ ಏನೇನಾಗಬೇಕು ನೋಡಿ. ಮುಂದಿನ ಸಲ ಗೋಕುಲ ರಸ್ತೆಯ ನಿಲ್ದಾಣಕ್ಕೆ ಹೋದಾಗ ಮೊಬೈಲ್ ಕೆಳಗಿಟ್ಟು ಗಾಜಿನಾಚೆ ಕಣ್ಣು ಹಾಯಿಸಿ. ಫ್ಯಾನು ನಿಲ್ಲುವ ಮೊದಲೇ ಲಗೇಜ್ ಗಾಡಿ ಗೆರೆಯ ಹಿಂದೆ ಬಂದು ಕಾಯ್ತಿರುತ್ತೆ. ಜನ ಇಳಿಯೋದು ಒಂದು ಕಡೆ, ಲಗೇಜ್ ಇಳಿಯೋದು ಇನ್ನೊಂದು ಕಡೆ. ಕೊನೆಯ ಪ್ರಯಾಣಿಕ ಇಳಿದ ಕೂಡಲೇ ಗಗನಸಖಿಯರೇ ಸೀಟಿನ ಜೇಬಿನಿಂದ ಕಾಗದ, ಬಾಟಲಿ ತೆಗೀತಾರೆ, ಬೆಲ್ಟ್ ಅಡ್ಡ ಇಟ್ಟು ಸರಿ ಮಾಡ್ತಾರೆ. ಎಂಜಿನಿಯರ್ ಒಬ್ಬರು ಬಗ್ಗಿ ಚಕ್ರ ನೋಡ್ತಾರೆ. ಪೈಲಟ್ ಒಂದು ಸುತ್ತು ಹಾಕ್ತಾರೆ. ಅಷ್ಟರಲ್ಲಿ ಒಳಗೆ ಮುಂದಿನ ಜನರ ಸಾಲು ಎದ್ದು ನಿಂತಿರುತ್ತೆ. ಈ ಎಲ್ಲರಲ್ಲಿ ಒಬ್ಬರು ಐದು ನಿಮಿಷ ತಡ ಮಾಡಿದರೆ ಲೆಕ್ಕ ತಪ್ಪಿತು.

ಡೆಕ್ಕನ್ ಶುರುವಿನಲ್ಲಿ ಸೀಟ್ ನಂಬರೇ ಕೊಡುತ್ತಿರಲಿಲ್ಲ. ಮೊದಲು ಹೋದವರಿಗೆ ಬೇಕಾದ ಸೀಟು. ಜನ ತಾವಾಗಿಯೇ ಬೇಗ ಬೇಗ ಹತ್ತಲಿ ಅಂತ. ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದು ಬೆಳೆದ ನಮಗೆ ಅದನ್ನು ಕಲಿಸಬೇಕಾಗಿರಲಿಲ್ಲ.

ಈಗ ಲೋಗೊ, ಬಣ್ಣಕ್ಕೆ ಬರೋಣ. ಡೆಕ್ಕನ್ ಆರಿಸಿದ ಮುಖ ಯಾವುದು? ಆರ್.ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್'. ಚೌಕಳಿ ಕೋಟು, ಧೋತರ, ಮೂಗಿನ ಮೇಲೆ ಕನ್ನಡಕ. ಅಲ್ಲಿಯವರೆಗೆ ವಿಮಾನದ ಜಾಹೀರಾತು ಅಂದರೆ ಕೋಟು, ಟೈ, ಗಾಜಿನ ಲೋಟ. ಧೋತರದವನು ವಿಮಾನದ ಜಾಹೀರಾತಿನಲ್ಲಿ ಬಂದ ಅಂದಮೇಲೆ ನಮ್ಮ ನವಲಗುಂದದ ಗೌಡರೂ ಹತ್ತಬಹುದು ಅಂತಾಯ್ತು. ಹಳ್ಳಿಯಲ್ಲಿರುವ ವಯಸ್ಸಾದ ಅಪ್ಪನಿಗೆ ಮಗ ವಿಮಾನದ ಟಿಕೆಟ್ ಕಳಿಸುವ ಒಂದು ಟಿವಿ ಜಾಹೀರಾತೂ ಇತ್ತು. ನಿಮ್ಮ ಅಪ್ಪ ಅಮ್ಮನಿಗೆ ನೆನಪಿರಬಹುದು, ಕೇಳಿ ನೋಡಿ. ಅದರಲ್ಲಿ ದರದ ಮಾತಿಲ್ಲದೆ ಕೆಲಸ ಆಗಿತ್ತು. ಟಿಕೆಟ್ ಕೊಳ್ಳುವವನು ಬೆಂಗಳೂರಿನ ಮಗ, ಹತ್ತುವವನು ಊರಿನ ಅಪ್ಪ ಅನ್ನೋದನ್ನು ಅವರು ಸರಿಯಾಗಿ ಹಿಡಿದಿದ್ದರು. ನನ್ನ ಅಂಗಡಿಯಲ್ಲೂ ಎಷ್ಟೋ ಟಿಕೆಟ್ ಹೀಗೇ ಹೋಗುತ್ತಿದ್ದವು. ಹಾರುವವರು ಎದುರು ಕೂತಿರುತ್ತಿದ್ದರು, ದುಡ್ಡಿನ ಮಾತು ಫೋನಿನಲ್ಲಿ ಮಗನ ಜೊತೆ.

ಒಂದು ರೂಪಾಯಿ ಟಿಕೆಟ್ ಬಗ್ಗೆ ಎಲ್ಲರೂ ಕೇಳ್ತಾರೆ. ಇತ್ತು, ಸುಳ್ಳಲ್ಲ. ಕೆಲವೇ ಸೀಟು, ತೆರಿಗೆ ಶುಲ್ಕ ಬೇರೆ. ಆ ಸೀಟುಗಳಲ್ಲಿ ಹೋದ ದುಡ್ಡನ್ನು ಜಾಹೀರಾತಿನ ಖರ್ಚು ಅಂತ ಬರೆದುಕೊಳ್ಳಿ. ಪತ್ರಿಕೆಗಳೇ ಪುಕ್ಕಟೆ ಸುದ್ದಿ ಮಾಡಿದವು. ಮಲೇಷ್ಯಾದಲ್ಲಿ ಟೋನಿ ಫರ್ನಾಂಡಿಸ್ 2001ರಲ್ಲಿ ಸಾಲದಲ್ಲಿ ಮುಳುಗಿದ್ದ ಏರ್ ಏಷ್ಯಾವನ್ನು ಒಂದು ರಿಂಗಿಟ್‌ಗೆ ಕೊಂಡರಲ್ಲ, ಅದರ ಸುದ್ದಿಯೂ ಹಾಗೇ ಓಡಿತು. ಒಂದರ ನೋಟಿಗೆ ಅಂಥ ಶಕ್ತಿ ಇದೆ. ಆದರೆ ಅದರಲ್ಲಿ ಅಪಾಯವೂ ಇದೆ. ಒಂದು ರೂಪಾಯಿ ಅಂತ ಕಿವಿಗೆ ಬಿದ್ದವನು ಕೌಂಟರಿಗೆ ಬಂದು ಎರಡೂವರೆ ಸಾವಿರ ಅಂದಾಗ ಮೋಸ ಅಂತಾನೆ.

ಕೌಂಟರ್ ಅಂದೆ, ಸ್ವಲ್ಪ ಅಡ್ಡದಾರಿ ಹಿಡೀತೀನಿ. ಮೊದಲ ಸಲ ಹಾರುವವರಿಗೆ ಬ್ರ್ಯಾಂಡು ಅಂದರೆ ಕೌಂಟರಿನಲ್ಲಿ ಕೂತ ಹುಡುಗ ಅಥವಾ ಹುಡುಗಿ. ನಮ್ಮ ಕಡೆ ಊರಲ್ಲಿ ಕರೆಯುವ ಹೆಸರು ಬಸವರಾಜ, ಗುರುತಿನ ಚೀಟಿಯಲ್ಲಿ ಬಸಪ್ಪ. ಟಿಕೆಟ್ ಬಸವರಾಜನ ಹೆಸರಲ್ಲಿ. ಆಯ್ತಲ್ಲ, ಗಲಾಟೆ ಶುರು. ಲಗೇಜ್ 15 ಕಿಲೋ, ಕೈಚೀಲ 7 ಕಿಲೋ. ಮಗಳ ಮನೆಗೆ ಹೊರಟ ತಾಯಿಯ ಚೀಲ 15ಕ್ಕೆ ನಿಲ್ಲುತ್ತಾ? ರೊಟ್ಟಿ, ಶೇಂಗಾ ಚಟ್ನಿ, ಪೇಡೆ ಡಬ್ಬಿ, ಮೆಣಸಿನ ಪುಡಿ. ಒಣ ಕೊಬ್ಬರಿ ಇದ್ದರೆ ಅದನ್ನು ಬಿಡೋದೇ ಇಲ್ಲ, ಎಣ್ಣೆಯಂಶ ಇದೆ, ಬೆಂಕಿ ಭಯ. ಆ ತಾಯಿಗೆ ಅದು ಯಾಕೆ ಅಂತ ಯಾರೂ ಹೇಳಲ್ಲ. ಎಲ್ಲರ ಎದುರು ಚೀಲ ಬಿಚ್ಚಿಸ್ತಾರೆ. ಜಾಸ್ತಿ ತೂಕಕ್ಕೆ ದುಡ್ಡು ತಗೊಳ್ಳೋದು ತಪ್ಪಲ್ಲ, ಅದು ಈ ವ್ಯಾಪಾರದ ರೀತಿ. ಟಿಕೆಟ್ ಕೊಡುವಾಗಲೇ ಕನ್ನಡದಲ್ಲಿ ಎರಡು ಸಾಲು ಹೇಳಿದ್ದರೆ ಆ ತಾಯಿ ಮನೆಯಲ್ಲೇ ತೂಗಿ ಬರುತ್ತಿದ್ದರು. ನಾನು ಟಿಕೆಟ್ ಹಿಂದೆ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೆ. ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ.

ಸರಿ, ಡೆಕ್ಕನ್ ಏನಾಯ್ತು? ಅದರ ಸಂಸ್ಥಾಪಕರ ಕತೆ ಸಿನಿಮಾಕ್ಕೂ ಸ್ಫೂರ್ತಿ ಆಗಿದೆ. ಸಿನಿಮಾಗಳು ಮೊದಲ ವಿಮಾನ ಹಾರಿದಲ್ಲಿಗೆ ಮುಗಿಯುತ್ತವೆ, ವ್ಯಾಪಾರ ಅಲ್ಲಿಂದ ಶುರು. ಆರಂಭದ ದಿನಗಳಲ್ಲೇ ಹೈದರಾಬಾದ್‌ನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನೆಯ ವಿಮಾನದ ಎಂಜಿನ್‌ಗೆ ಬೆಂಕಿ ಹತ್ತಿತು. ಒಳಗೆ ರಾಜಕೀಯದ ದೊಡ್ಡ ದೊಡ್ಡ ಹೆಸರುಗಳು. ಯಾರಿಗೂ ಏನೂ ಆಗಲಿಲ್ಲ. ಆದರೂ ಹೊಸ ಕಂಪನಿ ಅಲ್ಲೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜನ ಕ್ಷಮಿಸಿದರು, ಹತ್ತಿದರು. ನಾಲ್ಕೇ ವರ್ಷದಲ್ಲಿ 60ಕ್ಕೂ ಹೆಚ್ಚು ಊರಿಗೆ ಹಾರಾಟ.

ಜನ ಕ್ಷಮಿಸದೇ ಇದ್ದದ್ದು ವಿಳಂಬವನ್ನು. ಇಲ್ಲಿ ನನ್ನ ಮೊದಲ ಮಾತಿಗೆ ಬಂದೆ. 25 ನಿಮಿಷಕ್ಕೆ ವಿಮಾನ ತಿರುಗಿಸಿದರೆ ಮಾತ್ರ ಟಿಕೆಟ್ ಅಗ್ಗ. ಆದರೆ ಅಷ್ಟು ಬಿಗಿಯಾದ ಟೈಮ್ ಟೇಬಲ್‌ನಲ್ಲಿ ಬೆಳಗಿನ ಮಂಜಿನಿಂದ ಮೊದಲ ವಿಮಾನ 40 ನಿಮಿಷ ತಡವಾದರೆ ಆ 40 ನಿಮಿಷ ದಿನವಿಡೀ ಜೊತೆಗೇ ಬರುತ್ತೆ. ಬೆಂಗಳೂರಿನ ಮಂಜಿಗೆ ರಾತ್ರಿ ಬೇರೆ ಯಾವುದೋ ಊರಿನ ಪ್ರಯಾಣಿಕ ಬೈಯುತ್ತಿರ್ತಾನೆ, ಅವನ ಊರಲ್ಲಿ ಆಕಾಶ ಸ್ವಚ್ಛ. ಇದನ್ನು ತಡೆಯಬೇಕಾದರೆ ಒಂದೆರಡು ವಿಮಾನ ಬದಲಿಗೆ ಇರಬೇಕು, ಇಲ್ಲವೇ ಮಧ್ಯಾಹ್ನ ಎಲ್ಲಾದರೂ ಸ್ವಲ್ಪ ಸಡಿಲ ಬಿಟ್ಟಿರಬೇಕು. ಎರಡಕ್ಕೂ ದುಡ್ಡು. ವೇಗವಾಗಿ ಬೆಳೆಯುವ ಕಂಪನಿ ಇದ್ದಬದ್ದ ವಿಮಾನವನ್ನೆಲ್ಲ ಹೊಸ ಊರಿಗೆ ಹಾಕಿಬಿಡುತ್ತೆ. ಡೆಕ್ಕನ್‌ಗೆ ಇನ್ನೊಂದು ತೊಡಕು: ಎಟಿಆರ್ ಮತ್ತು ಏರ್‌ಬಸ್ ಎರಡೂ ಇದ್ದವು. ಇದರ ಪೈಲಟ್ ಅದಕ್ಕೆ ಆಗಲ್ಲ, ಅದರ ಬಿಡಿಭಾಗ ಇದಕ್ಕೆ ಆಗಲ್ಲ.

2006ರ ಆಗಸ್ಟ್‌ನಲ್ಲಿ ಇಂಡಿಗೋ ಬಂತು. ಹಾರಾಟಕ್ಕೆ ಮೊದಲೇ, 2005ರಲ್ಲಿ, 100 ಎ320 ವಿಮಾನಕ್ಕೆ ಆರ್ಡರ್ ಕೊಟ್ಟಿತ್ತು. ಹನ್ನೊಂದು ವರ್ಷ ಒಂದೇ ಜಾತಿಯ ವಿಮಾನ. ಮೆಟ್ಟಿಲಿನ ಬದಲು ಇಳಿಜಾರಿನ ರ‍್ಯಾಂಪ್, ಜನ ಬೇಗ ಹತ್ತಲಿ ಅಂತ. ಎಟಿಆರ್ ತಂದದ್ದು 2017ರಲ್ಲಿ, ದೊಡ್ಡದಾಗಿ ಬೆಳೆದ ಮೇಲೆ. ಮತ್ತು ಅವರು ಜೋರಾಗಿ ಹೇಳಿಕೊಂಡದ್ದು ಅಗ್ಗ ಅಂತಲ್ಲ, ಆನ್ ಟೈಮ್ ಅಂತ. ಅಗ್ಗ ಅಂತ ಎಲ್ಲರೂ ಹೇಳುತ್ತಿದ್ದರು. ನನ್ನ ಗಿರಾಕಿಗಳೂ ಅಷ್ಟೊತ್ತಿಗೆ ಮಾತು ಬದಲಿಸಿದ್ದರು. "ಕಡಿಮೆ ಯಾವುದ್ರಿ?" ಅಂತ ಕೇಳುತ್ತಿದ್ದವರು "ಟೈಮಿಗೆ ಹೋಗೂದು ಯಾವುದ್ರಿ?" ಅನ್ನತೊಡಗಿದರು. ಮುನ್ನೂರು ರೂಪಾಯಿ ಜಾಸ್ತಿ ಆದರೂ ಸರಿ. ಮದುವೆಯ ಅಕ್ಷತೆ ತಪ್ಪಿಸಿಕೊಂಡವರಿಗೆ ಐದುನೂರು ಉಳಿತು ಅಂತ ಹೇಳಿ ಸಮಾಧಾನ ಮಾಡಕ್ಕಾಗುತ್ತಾ?

2007ರಲ್ಲಿ ಡೆಕ್ಕನ್‌ನ 26 ಪರ್ಸೆಂಟ್ ಪಾಲನ್ನು ವಿಜಯ್ ಮಲ್ಯ ಅವರ ಯುಬಿ ಗುಂಪು ಕೊಂಡಿತು. ಹೆಸರು 'ಸಿಂಪ್ಲಿಫ್ಲೈ ಡೆಕ್ಕನ್' ಆಯ್ತು, 2008ರಲ್ಲಿ 'ಕಿಂಗ್‌ಫಿಷರ್ ರೆಡ್'. ಧೋತರದವನು ಹೋದ. ಬ್ರ್ಯಾಂಡಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಐಷಾರಾಮಕ್ಕೆ ಹೆಸರಾದ ಕಂಪನಿ ಅದೇ ಹೆಸರಲ್ಲಿ ಅಗ್ಗದ ಸೀಟು ಮಾರಿದರೆ ಅಗ್ಗದವನಿಗೆ ಇದು ತನ್ನದು ಅನ್ನಿಸಲ್ಲ. ಐಷಾರಾಮಿಗೆ ತಾನು ಯಾಕೆ ಜಾಸ್ತಿ ಕೊಡಬೇಕು ಅನ್ನಿಸುತ್ತೆ. 2011ರಲ್ಲಿ ರೆಡ್ ಮುಚ್ಚುವುದಾಗಿ ಹೇಳಿದರು. 2012ರ ಅಕ್ಟೋಬರ್‌ನಲ್ಲಿ ಇಡೀ ಕಂಪನಿಯೇ ಹಾರಾಟ ನಿಲ್ಲಿಸಿತು.

ನಮ್ಮ ಕಡೆಯದೇ ಒಂದು ಪ್ರಸಂಗ ಇದೆ. ವಿಜಯ ಸಂಕೇಶ್ವರರು ಗದಗಿನಲ್ಲಿ 1976ರಲ್ಲಿ ಒಂದು ಲಾರಿಯಿಂದ ಶುರು ಮಾಡಿ ವಿಆರ್‌ಎಲ್ ಕಟ್ಟಿದವರು. ಲಾರಿ, ಬಸ್ಸು ಎರಡರಲ್ಲೂ ಪಳಗಿದ ಮನೆ. 2016ರ ಕೊನೆಗೆ ಅವರ ಕುಟುಂಬ ಪ್ರಾದೇಶಿಕ ವಿಮಾನ ಕಂಪನಿ ಮಾಡುವ ವಿಚಾರ ಹೊರಗೆ ಬಂತು. ಷೇರುಪೇಟೆಯಲ್ಲಿ ವಿಆರ್‌ಎಲ್ ಷೇರು ದಡಕ್ಕನೆ ಬಿತ್ತು. ಸ್ವಲ್ಪ ದಿನಕ್ಕೇ ಆ ಯೋಜನೆ ಕೈಬಿಟ್ಟರು. ಅವರು ಮಾಡಬೇಕಿತ್ತು ಅಂತ ಊರಲ್ಲಿ ಈಗಲೂ ಹೇಳುವವರಿದ್ದಾರೆ. ಬಿಟ್ಟದ್ದೇ ಒಳ್ಳೇದಾಯ್ತು ಅನ್ನುವ ಗುಂಪಿನವನು ನಾನು. ಬಸ್ಸು ಕೆಟ್ಟರೆ ಇನ್ನೊಂದು ಬಸ್ಸು ಕಳಿಸಬಹುದು. ಐದಾರು ವಿಮಾನದ ಕಂಪನಿಯಲ್ಲಿ ಒಂದು ಕೆಟ್ಟರೆ ಅರ್ಧ ಟೈಮ್ ಟೇಬಲ್ ಮಲಗುತ್ತೆ.

ಆಮೇಲೆ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಬಂತು. 2016ರ ಯೋಜನೆ, 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ಮೊದಲ ಹಾರಾಟ. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟು ಶುರುವಿನಲ್ಲಿ 2,500 ರೂಪಾಯಿ ಒಳಗಿತ್ತು, ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವ ಕರಾರು. ಹುಬ್ಬಳ್ಳಿಗೆ 2018ರಿಂದ ಅದರ ಲಾಭ ಸಿಕ್ಕಿತು. 2019ರ ಜನವರಿಯಲ್ಲಿ ಸ್ಟಾರ್ ಏರ್ ಶುರುವಾದದ್ದೂ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ. ನೋಡಿ, ಮತ್ತೆ ಹುಬ್ಬಳ್ಳಿ! ಅವರ 50 ಸೀಟಿನ ಎಂಬ್ರೇರ್‌ನಲ್ಲಿ ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು. ನಡುವೆ ಸಿಕ್ಕಿಹಾಕಿಕೊಳ್ಳುವ ಸೀಟೇ ಇಲ್ಲ. ಆದರೆ ಸಬ್ಸಿಡಿ ನೋಡಿಕೊಂಡು ಬಂದ ವಿಮಾನ ಸಬ್ಸಿಡಿ ಮುಗಿದ ಮೇಲೂ ಇರುತ್ತಾ? ದೇಶದ ಎಷ್ಟೋ ಉಡಾನ್ ಮಾರ್ಗಗಳು ನಿಂತುಹೋಗಿವೆ. ಬರುವಾಗ ಹೂಮಾಲೆ, ಹೋಗುವಾಗ ಒಂದು ಎಸ್ಸೆಮ್ಮೆಸ್.

ಇವತ್ತು ನಿಮ್ಮಲ್ಲಿ ಯಾರಾದರೂ ಹುಬ್ಬಳ್ಳಿಯಿಂದ ಕಡಿಮೆ ದರದ ವಿಮಾನ ಹಾರಿಸ್ತೀನಿ ಅಂದರೆ ನಾನು ಬೆಂಗಳೂರು ಬೇಡ ಅಂತೀನಿ. 2003ರಲ್ಲಿ ವಿಮಾನ ಇಳಿಯುತ್ತಿದ್ದದ್ದು ಎಚ್‌ಎಎಲ್‌ನಲ್ಲಿ, ಊರೊಳಗೇ. 2008ರ ಮೇ ತಿಂಗಳಿಂದ ದೇವನಹಳ್ಳಿ. ಒಂದು ಗಂಟೆ ಹಾರಿ, ಮೆಜೆಸ್ಟಿಕ್ಕಿಗೆ ಒಂದೂವರೆ ಗಂಟೆ ಟ್ಯಾಕ್ಸಿ. ಆ ಕಡೆ ರಾತ್ರಿ ಬಸ್ಸು ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು, ಹೋಟೆಲ್ ಖರ್ಚೂ ಉಳೀತು. 2023ರ ಜೂನ್‌ನಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಬೇರೆ. ಈ ಮಾರ್ಗದಲ್ಲಿ ನಿಮ್ಮ ಎದುರಾಳಿ ಇನ್ನೊಂದು ವಿಮಾನ ಅಲ್ಲವೇ ಅಲ್ಲ, ಸ್ಲೀಪರ್ ಬಸ್ಸು. ಮುಂಬೈ, ಹೈದರಾಬಾದ್, ಚೆನ್ನೈ, ಅಂದರೆ ನೆಲದ ಮೇಲೆ ಬೆಂಗಳೂರಿಗಿಂತ ಹೆಚ್ಚು ಹೊತ್ತು ಹಿಡಿಯುವ ಊರುಗಳನ್ನು ನೋಡಿ.

ಊರು ಗೊತ್ತಾದ ಮೇಲೆ ಹೆಸರು, ಬಣ್ಣ ಅಂತ ಏಜೆನ್ಸಿಗೆ ಓಡಬೇಡಿ. ಮೊದಲು ರಾತ್ರಿ ವಿಮಾನ ಎಲ್ಲಿ ನಿಲ್ಲಿಸ್ತೀರಿ ಅಂತ ತೀರ್ಮಾನ ಮಾಡಿ. ಮುಂಬೈಯಲ್ಲಿ ನಿಲ್ಲಿಸಿದರೆ ಅದು ಅಲ್ಲಿಂದ ಹೊರಟು ಇಲ್ಲಿಗೆ ಬಂದು ತಿರುಗಿ ಹೋಗುವಷ್ಟರಲ್ಲಿ ನಮ್ಮ ವ್ಯಾಪಾರಿಗೆ ಅರ್ಧ ದಿನ ಹೋಯ್ತು. ಕೆಲಸ ಮುಗಿಸಿ ಅವತ್ತೇ ವಾಪಸ್ ಬರಕ್ಕಾಗಲ್ಲ. ಹುಬ್ಬಳ್ಳಿಯಲ್ಲಿ ನಿಲ್ಲಿಸಿದರೆ ಬೆಳಗ್ಗೆ ಇಲ್ಲಿಂದ ಮೊದಲ ವಿಮಾನ, ರಾತ್ರಿ ಊಟಕ್ಕೆ ಮನೆ. ಅದಕ್ಕೆ ಪೈಲಟ್, ಸಿಬ್ಬಂದಿಗೆ ಇಲ್ಲಿ ಹೋಟೆಲ್ ರೂಮು ಬೇಕು, ರಾತ್ರಿ ಪರೀಕ್ಷೆ ಮಾಡುವ ಎಂಜಿನಿಯರ್ ಬೇಕು, ಬೇಕಾಗುವ ಬಿಡಿಭಾಗ ಇಲ್ಲೇ ಇರಬೇಕು. ಖರ್ಚಿನ ಬಾಬತ್ತು. ಲೋಗೊಕ್ಕೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಈ ರೂಮಿನ ಬಾಡಿಗೆ ಕಟ್ಟಿ. ಪ್ರಶ್ನೆಗಳಿದ್ದರೆ ಕೇಳಿ, ಚಹಾ ಬರುವವರೆಗೆ ಇಲ್ಲೇ ಇರ್ತೀನಿ.